ಅಕ್ಷರಕ್ಕೆ ಸಿಗದ ತೆರಪು: ಬ್ಯಾಕ್ಟೀರಿಯಾ ವೈರಸ್‌ಗಳ ಡಿಎನ್‌ಎ ಎಂಬ ವಸ್ತು



1986ರಲ್ಲಿ ‘ಜೀನ್’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಬಿ. ರೆಡ್ಡಿ ಮತ್ತು ಕೆ. ಪಿ. ಗೋಪಿನಾಥನ್ ಅವರ ಒಂದು ಪ್ರಬಂಧ ಬಂತು. ಅದರ ತಿರುಳು ಇಷ್ಟೇ: ಐ3 ಎಂಬ ವೈರಸ್‌ನ ಡಿಎನ್‌ಎ ಆದ್ಯಂತ ಜೋಡಿ ಎಳೆಯದಲ್ಲ, ಅಲ್ಲಲ್ಲಿ ಒಂದು ಎಳೆಯ ತುಣುಕು ಇಲ್ಲವಾಗಿ ಎದುರಿನ ಎಳೆಯೊಂದೇ ಇಡೀ ಅಣುವನ್ನು ಹಿಡಿದಿಟ್ಟಿರುತ್ತದೆ, ಈ ತೆರಪುಗಳಿಗೆ ಇಂಥದ್ದೇ ಜಾಗ ಎಂಬುದಿಲ್ಲ, ಒಂದು ಅಣುವಿನಲ್ಲಿ ಇಲ್ಲಿದ್ದರೆ ಇನ್ನೊಂದರಲ್ಲಿ ಬೇರೆಲ್ಲೋ. ಪಠ್ಯಪುಸ್ತಕದ ಸುರುಳಿ ಏಣಿಯ ಚಿತ್ರ ನೋಡಿ ಬೆಳೆದವರಿಗೆ ಇದು ತಯಾರಿಕೆಯಲ್ಲಿ ಕೆಟ್ಟ ಮಾಲಿನಂತೆ ಕಂಡೀತು. ಆದರೆ ಈ ಕೆಟ್ಟ ಮಾಲೇ ಬ್ಯಾಕ್ಟೀರಿಯಾಕ್ಕೆ ಸೋಂಕು ಹತ್ತಿಸಿ, ಮರಿವೈರಸ್‌ಗಳನ್ನು ಹುಟ್ಟಿಸುತ್ತದೆ. ಅಷ್ಟು ದೊಡ್ಡ ಸುದ್ದಿಯೇನೂ ಆಗದೆ ಹೋದ ಈ ಪ್ರಬಂಧವನ್ನು ಮುಂದಿಟ್ಟುಕೊಂಡು ಇಂದು ಒಂದೇ ಮಾತನ್ನು ಸಾಧಿಸಲು ಹೊರಟಿದ್ದೇನೆ. ಡಿಎನ್‌ಎಯ ಅಕ್ಷರಸಾಲನ್ನು ಓದಿ ಮುಗಿಸಿದ ಮಾತ್ರಕ್ಕೆ ಡಿಎನ್‌ಎಯನ್ನು ಅರಿತಂತಾಗುವುದಿಲ್ಲ. ಅದು ಉದ್ದ, ತುದಿ, ಬಿಗಿತ, ಒಡಕು ಎಲ್ಲವೂ ಇರುವ ಒಂದು ವಸ್ತು. ಬ್ಯಾಕ್ಟೀರಿಯಾಗಳನ್ನು ಮುತ್ತುವ ವೈರಸ್‌ಗಳಲ್ಲಿ, ಅಂದರೆ ಫೇಜ್‌ಗಳಲ್ಲಿ, ಈ ವಸ್ತುಗುಣ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಐ3 ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಮಣ್ಣಿನಲ್ಲಿ ಬದುಕುವ ‘ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್’ ಕ್ಷಯರೋಗದ ಬ್ಯಾಕ್ಟೀರಿಯಾದ ದಾಯಾದಿ; ಬೇಗ ಬೆಳೆಯುತ್ತದೆ, ಕ್ಷಯ ತರುವುದಿಲ್ಲ. ಹಾಗಾಗಿ ಕ್ಷಯದ ಸಂಶೋಧಕರು ಅದನ್ನೇ ಸಾಕಿಕೊಂಡು ಪ್ರಯೋಗ ನಡೆಸುತ್ತಾರೆ. ಐ3 ಇದರ ಬೇಟೆಗಾರ: ದೊಡ್ಡ ತಲೆ, ಕುಗ್ಗಬಲ್ಲ ಬಾಲ. 1970ರಲ್ಲಿ ಇದೇ ವಿಜ್ಞಾನ ಸಂಸ್ಥೆಯ ಸಿ. ವಿ. ಸುಂದರ ರಾಜ್ ಮತ್ತು ಟಿ. ರಾಮಕೃಷ್ಣನ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಒಂದು ಪುಟ್ಟ ವರದಿ ಐ3ಗೆ ಹೆಸರು ತಂದಿತು. ಒಂದು ಬ್ಯಾಕ್ಟೀರಿಯಾದ ಗುಣವನ್ನು ಈ ಫೇಜ್ ಹೊತ್ತೊಯ್ದು ಇನ್ನೊಂದಕ್ಕೆ ದಾಟಿಸಬಲ್ಲದು ಎಂದು ಅವರು ತೋರಿಸಿದ್ದರು. ಇದು ಆಗಬೇಕಾದರೆ ಫೇಜಿನ ತಲೆಯೊಳಗೆ ಅದರದ್ದೇ ಡಿಎನ್‌ಎಯ ಬದಲು ಆಗಾಗ ಬ್ಯಾಕ್ಟೀರಿಯಾದ ಡಿಎನ್‌ಎ ಸೇರಿಕೊಳ್ಳಬೇಕು. ಅಂದರೆ ತಲೆ ತುಂಬುವ ಯಂತ್ರ ಪ್ರತಿ ಅಕ್ಷರವನ್ನೂ ಪರೀಕ್ಷಿಸುತ್ತ ಕೂರುವುದಿಲ್ಲ; ತಲೆ ಭರ್ತಿಯಾಗುವವರೆಗೆ ಎಳೆದು ತುರುಕಿ ಅಲ್ಲಿಗೆ ಕತ್ತರಿಸುತ್ತದೆ. ಇದೊಂದು ಅಂಶವೇ ಅಕ್ಷರಕ್ಕಿಂತ ಗಾತ್ರ ಮುಖ್ಯವಾಗುವ ಸಂದರ್ಭಗಳಿವೆ ಎಂದು ಹೇಳುತ್ತಿದೆ.

ಆ ತುರುಕುವಿಕೆ ಎಂಥದ್ದು ಎಂಬುದಕ್ಕೆ ಲೆಕ್ಕವಿದೆ. ಎರಡು ಬೇಸ್ ಜೋಡಿಗಳ, ಅಂದರೆ ಎದುರುಬದುರು ಕೂತ ಅಕ್ಷರಜೋಡಿಗಳ, ನಡುವಿನ ಅಂತರ 0.34 ನ್ಯಾನೋಮೀಟರ್. ಲ್ಯಾಂಬ್ಡಾ ಎಂಬ ಫೇಜಿನಲ್ಲಿ 48,502 ಜೋಡಿಗಳಿವೆ. ಬಿಡಿಸಿ ಹಾಸಿದರೆ ಸುಮಾರು 16,500 ನ್ಯಾನೋಮೀಟರ್ ಉದ್ದ. ಅದರ ತಲೆಯ ಅಗಲ ಸುಮಾರು 60. ಐ3ಯ ಡಿಎನ್‌ಎ ಇದರ ಮೂರು ಪಟ್ಟು, ಒಂದೂವರೆ ಲಕ್ಷ ಜೋಡಿಗಳ ಆಸುಪಾಸಿನದು. ಜೋಡಿ ಎಳೆಯ ಡಿಎನ್‌ಎ ಸುಲಭವಾಗಿ ಬಾಗುವ ಪದಾರ್ಥವೂ ಅಲ್ಲ: 50 ನ್ಯಾನೋಮೀಟರ್ ಅಳತೆಯ ತುಂಡಾದರೆ ಅದು ಹೆಚ್ಚುಕಡಿಮೆ ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಸಾಲದ್ದಕ್ಕೆ ಮೈಯೆಲ್ಲ ಋಣ ವಿದ್ಯುದಂಶ. ಪಕ್ಕದ ಸುತ್ತು ಹತ್ತಿರ ಬಂದಷ್ಟೂ ದೂರ ತಳ್ಳುತ್ತದೆ. ಇಷ್ಟಾದರೂ ತಲೆಯೊಳಗೆ ಸುತ್ತಿನಿಂದ ಸುತ್ತಿಗೆ ಎರಡೂವರೆ ನ್ಯಾನೋಮೀಟರ್‌ನಷ್ಟೇ ಅಂತರ ಉಳಿಯುತ್ತದೆ. 1997ರಲ್ಲಿ ಟಿ7 ಫೇಜಿನ ತಲೆಗಳನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದರೊಳಗೊಂದು ಕೂತ ಪದರಗಳಾಗಿ ಡಿಎನ್‌ಎ ಕಂಡಿತು. 2001ರಲ್ಲಿ ಫೈ29 ಎಂಬ ಫೇಜಿನ ತುಂಬುವ ಯಂತ್ರದ ಬಲವನ್ನು ಒಂದೊಂದೇ ಅಣು ಹಿಡಿದು ಅಳೆದರು. ತಲೆ ಭರ್ತಿಯಾಗುವ ಹೊತ್ತಿಗೆ ಒಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 60 ಪಟ್ಟು ಎಂಬ ಅಂದಾಜು ಬಂತು. ಎರಡು ವರ್ಷದ ಬಳಿಕ ಇನ್ನೊಂದು ತಂಡ ಉಲ್ಟಾ ದಿಕ್ಕಿನಿಂದ ಇದೇ ವಿಷಯಕ್ಕೆ ಬಂತು. ಲ್ಯಾಂಬ್ಡಾ ಫೇಜಿನ ಸುತ್ತಲಿನ ದ್ರವದಲ್ಲಿ ಪರಾಸರಣ ಒತ್ತಡ ಏರಿಸುತ್ತ ಹೋಗಿ, ಅದು ಗಾಳಿಯ ಒತ್ತಡದ ಸುಮಾರು 20 ಪಟ್ಟಿಗೆ ಬಂದಾಗ ಡಿಎನ್‌ಎ ಹೊರಚಿಮ್ಮುವುದೇ ನಿಂತಿತು ಎಂದು ತೋರಿಸಿತು. ಒತ್ತಡ, ಬಾಗು, ತಳ್ಳಾಟ ಯಾವುದೂ ಅಕ್ಷರಗಳಲ್ಲಿ ಬರೆದಿಟ್ಟ ಸಂಗತಿಯಲ್ಲ.

ಡಿಎನ್‌ಎ ಎಂದರೆ ಹೀಗೇ ಇರಬೇಕು ಎಂಬ ಕಲ್ಪನೆಯನ್ನು ಫೇಜ್‌ಗಳು ಮೊದಲಿಂದಲೂ ಒಡೆಯುತ್ತಲೇ ಬಂದಿವೆ. ವಾಟ್ಸನ್ ಮತ್ತು ಕ್ರಿಕ್ ಅವರ ಜೋಡಿ ಸುರುಳಿ 1953ರದು. ಆರೇ ವರ್ಷದಲ್ಲಿ, 1959ರಲ್ಲಿ, ಸಿನ್ಸ್‌ಹೈಮರ್ ಎಂಬಾತ ಫೈಎಕ್ಸ್174 ಫೇಜಿನಲ್ಲಿ ಒಂಟಿ ಎಳೆಯ ಡಿಎನ್‌ಎ ಇದೆ ಎಂದು ತೋರಿಸಿದ. ಮೂರು ವರ್ಷದ ನಂತರ ಅದು ತುದಿಯೇ ಇಲ್ಲದ ಬಳೆಯಾಕಾರ ಎಂದೂ ಗೊತ್ತಾಯಿತು. 1963ರಲ್ಲಿ ಹರ್ಷೀ ಮತ್ತು ಸಂಗಡಿಗರು ಲ್ಯಾಂಬ್ಡಾದ ಎರಡೂ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಂಡರು. ತಲಾ 12 ಅಕ್ಷರದ ಒಂಟಿ ಎಳೆ ಎರಡು ಕಡೆಯೂ ಚಾಚಿಕೊಂಡಿದ್ದು, ಅವು ಪರಸ್ಪರ ಹೊಂದುವ ಜೋಡಿ. ಟಿ4ರ ಕಥೆ ಇನ್ನೂ ವಿಚಿತ್ರ: ಪ್ರತಿ ಅಣುವೂ ಒಂದೇ ಪಾಠವನ್ನು ಬೇರೆ ಬೇರೆ ಜಾಗದಿಂದ ಶುರುಮಾಡಿ, ಒಂದು ಸುತ್ತು ಮುಗಿಸಿ, ಆರಂಭದ ಸ್ವಲ್ಪ ಭಾಗವನ್ನು ಕೊನೆಯಲ್ಲಿ ಮತ್ತೆ ಹೇಳುತ್ತದೆ. ತಲೆ ಭರ್ತಿಯಾದಲ್ಲಿಗೆ ಕತ್ತರಿಸುವ ಪದ್ಧತಿಯ ನೇರ ಫಲ ಇದು. ಐ3ಯ ಬಳಗದ ಫೇಜ್‌ಗಳೂ ಇದೇ ಜಾತಿಯವು. ಅಕ್ಷರಗಳ ಗುರುತೂ ಇಲ್ಲಿ ಖಚಿತವಲ್ಲ. ಟಿ4ರ ಬಳಗದಲ್ಲಿ ಸೈಟೊಸಿನ್ ಇರಬೇಕಾದಲ್ಲಿ ಹೈಡ್ರಾಕ್ಸಿಮೀಥೈಲ್ ಸೈಟೊಸಿನ್ ಇದೆ, ಅದರ ಮೇಲೆ ಗ್ಲೂಕೋಸ್ ಕೂತಿದೆ. ಬ್ಯಾಕ್ಟೀರಿಯಾದ ಕತ್ತರಿ ಕಿಣ್ವಗಳಿಗೆ ಹಾಗಾಗಿ ಹಿಡಿತ ಸಿಗುವುದಿಲ್ಲ. ಪಿಬಿಎಸ್1 ಫೇಜಿನಲ್ಲಿ ಥೈಮಿನ್ ಬದಲು ಯುರಾಸಿಲ್. ಎಸ್-2ಎಲ್ ಎಂಬ ಫೇಜು ಅಡೆನಿನ್ನನ್ನೇ ಕೈಬಿಟ್ಟು 2-ಅಮಿನೊಅಡೆನಿನ್ ಹಿಡಿದಿದೆ; ಅದು ಥೈಮಿನ್ ಜತೆ ಎರಡರ ಬದಲು ಮೂರು ಹೈಡ್ರೋಜನ್ ಬಂಧ ಕಟ್ಟುವುದರಿಂದ ಎಳೆಗಳನ್ನು ಬೇರ್ಪಡಿಸಲು ಹೆಚ್ಚು ಶಾಖ ಬೇಕು. ದತ್ತಾಂಶ ಕೋಶದಲ್ಲಿ ಹುಡುಕಿದರೆ ಇವೆಲ್ಲ ಅದೇ ಹಳೆಯ ನಾಲ್ಕು ಅಕ್ಷರಗಳಾಗಿ ಕಾಣಿಸಿಕೊಳ್ಳುತ್ತವೆ.

ಇನ್ನು ಒಡಕಿನ ವಿಷಯ. ಟಿ5 ಫೇಜಿನ ಡಿಎನ್‌ಎಯಲ್ಲಿ ಒಂದು ಎಳೆ ಕೆಲವು ಗೊತ್ತಾದ ಜಾಗಗಳಲ್ಲಿ ತುಂಡಾಗಿರುತ್ತದೆ ಎಂಬುದು 1960ರ ದಶಕದಲ್ಲೇ ತಿಳಿದಿತ್ತು. ಅಲ್ಲಿ ಅಕ್ಷರ ಕಳೆದಿರುವುದಿಲ್ಲ, ಕೊಂಡಿ ಮಾತ್ರ ಕಡಿದಿರುತ್ತದೆ. ಇದನ್ನು ಕಡಿತ ಎನ್ನೋಣ. ಐ3ಯಲ್ಲಿ ಇರುವುದು ತೆರಪು, ಅಂದರೆ ಅಕ್ಷರಗಳೇ ಇಲ್ಲದ ಖಾಲಿ. ಎರಡನ್ನೂ ಪತ್ತೆ ಮಾಡುವ ಬಗೆ ಸರಳ. ಡಿಎನ್‌ಎಯ ಒಂದು ಪಾಲನ್ನು ಸಾದಾ ಜೆಲ್‌ನಲ್ಲಿ, ಇನ್ನೊಂದು ಪಾಲನ್ನು ಕಾಸ್ಟಿಕ್ ಸೋಡಾ ಬೆರೆಸಿದ ಕ್ಷಾರೀಯ ಜೆಲ್‌ನಲ್ಲಿ ಹರಿಸಬೇಕು. ಸಾದಾ ಜೆಲ್‌ನಲ್ಲಿ ಎದುರಿನ ಎಳೆ ಹಿಡಿದುಕೊಂಡಿರುವುದರಿಂದ ಅಣು ಇಡಿಯಾಗಿಯೇ ಸಾಗಿ ಒಂದೇ ಪಟ್ಟೆಯಾಗಿ ನಿಲ್ಲುತ್ತದೆ. ಕ್ಷಾರದಲ್ಲಿ ಎರಡು ಎಳೆಗಳೂ ಬಿಟ್ಟುಕೊಳ್ಳುತ್ತವೆ. ಎಲ್ಲೆಲ್ಲಿ ಒಡಕಿತ್ತೋ ಅಲ್ಲಲ್ಲಿ ಕಳಚಿ ತುಂಡುಗಳು ತಮ್ಮ ತಮ್ಮ ಉದ್ದಕ್ಕೆ ತಕ್ಕ ದೂರ ಹೋಗುತ್ತವೆ. ಒಡಕುಗಳು ಗೊತ್ತಾದ ಜಾಗದಲ್ಲಿದ್ದರೆ ತುಂಡುಗಳ ಉದ್ದವೂ ಗೊತ್ತಾದದ್ದೇ, ಆದ್ದರಿಂದ ಸ್ಪಷ್ಟ ಪಟ್ಟೆಗಳ ಸಾಲು. ಒಡಕುಗಳು ಎಲ್ಲೆಂದರಲ್ಲಿ ಇದ್ದರೆ ಎಲ್ಲ ಉದ್ದದ ತುಂಡುಗಳೂ ಬೆರೆತು, ಮೇಲಿಂದ ಕೆಳಕ್ಕೆ ಎಳೆದುಕೊಂಡುಹೋದ ಮಸುಕು ಗೀರು. ಕಡಿತವೋ ತೆರಪೋ ಎಂದು ಬಿಡಿಸಲು ಲಿಗೇಸ್ ಎಂಬ ಹೊಲಿಯುವ ಕಿಣ್ವ ಹಾಕಿ ನೋಡಬೇಕು. ಕಡಿತವಾದರೆ ಅದು ತಾನಾಗಿ ಬೆಸೆಯುತ್ತದೆ. ತೆರಪಾದರೆ ಮೊದಲು ಪಾಲಿಮರೇಸ್ ಎಂಬ ನಕಲು ಮಾಡುವ ಕಿಣ್ವ ಬಂದು ಖಾಲಿ ತುಂಬದ ಹೊರತು ಲಿಗೇಸ್ ಏನೂ ಮಾಡಲಾರದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಎಲ್ಲೆಂದರಲ್ಲಿ ಇರುವ ಒಡಕು ಎಂದ ಕೂಡಲೇ ಅನುಭವಿ ಸಂಶೋಧಕನಿಗೆ ಸಂಶಯ ಬರಬೇಕು: ಇದು ವೈರಸ್ ಮಾಡಿದ್ದೋ, ಪ್ರಯೋಗಶಾಲೆಯಲ್ಲಿ ಡಿಎನ್‌ಎ ತೆಗೆಯುವಾಗ ನಮ್ಮ ಕೈಯಿಂದಾದದ್ದೋ? ಸಂಶಯಕ್ಕೆ ಇತಿಹಾಸವೂ ಇದೆ. 1959ರಲ್ಲಿ ಡೇವಿಸನ್ ಎಂಬಾತ ಟಿ2, ಟಿ4 ಫೇಜ್‌ಗಳ ಡಿಎನ್‌ಎ ಬರೀ ಸಣ್ಣ ರಂಧ್ರದಲ್ಲಿ ರಭಸವಾಗಿ ಹಾಯಿಸಿದರೇ ಮುರಿದು ಬೀಳುತ್ತದೆ ಎಂದು ತೋರಿಸಿದ. ಅಲ್ಲಿಯವರೆಗೆ ಡಿಎನ್‌ಎಯ ತೂಕ ಎಂದು ವರದಿಯಾಗಿದ್ದ ಎಷ್ಟೋ ಅಂಕಿಗಳು ಮುರಿದ ಚೂರುಗಳ ತೂಕ ಎಂದಾಯಿತು. 1961ರಲ್ಲಿ ಕೇರ್ನ್ಸ್ ಎಚ್ಚರದಿಂದ ಬಿಡಿಸಿ ವಿಕಿರಣದ ಗುರುತು ಹಾಕಿ ಚಿತ್ರ ತೆಗೆದಾಗಲೇ ಟಿ2ರ ಅಣು ಸುಮಾರು 52 ಮೈಕ್ರೋಮೀಟರ್ ಉದ್ದದ ಒಂದೇ ಎಳೆದಾರವಾಗಿ ಕಂಡದ್ದು. ಹೀಗಿರುವಾಗ ಐ3ಯ ತೆರಪುಗಳನ್ನು ಹಾಗೇ ನಂಬುವುದೇಕೆ? ನನ್ನ ಉತ್ತರ ಹೀಗಿದೆ. ರಭಸಕ್ಕೆ ಸಿಕ್ಕಿ ಮುರಿಯುವ ಡಿಎನ್‌ಎ ಎರಡೂ ಎಳೆ ಸಮೇತ ಮುರಿಯುತ್ತದೆ. ಆಗ ಸಾದಾ ಜೆಲ್‌ನಲ್ಲೂ ಅಣು ಗಿಡ್ಡವಾಗಿಯೇ ಕಾಣಬೇಕು. ಸಾದಾ ಜೆಲ್‌ನಲ್ಲಿ ಇಡಿಯಾಗಿದ್ದು ಕ್ಷಾರದಲ್ಲಿ ಮಾತ್ರ ಚೂರಾಗುವುದು ಆ ಬಗೆಯ ಗಾಯವಲ್ಲ. ತಯಾರಿಕೆಯಲ್ಲಿ ನುಸುಳಿದ ಕಿಣ್ವಗಳು ಒಂದೇ ಎಳೆಯನ್ನು ಕಡಿದವು ಎನ್ನಬಹುದು. ಹಾಗಾದರೆ ಅದೇ ಕೈಯಲ್ಲಿ, ಅದೇ ವಿಧಾನದಲ್ಲಿ ತೆಗೆದ ಬೇರೆ ಫೇಜಿನ ಡಿಎನ್‌ಎಯಲ್ಲೂ ಅಂಥ ಗೀರು ಕಾಣಬೇಕು. ಟಿ5ನಂಥ ಫೇಜು ಸ್ಪಷ್ಟ ಪಟ್ಟೆಗಳನ್ನೇ ಕೊಡುತ್ತಿರುವಾಗ ವಿಧಾನವನ್ನು ದೂರಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಡಿತ ಸುಲಭವಾಗಿ ಆಗುತ್ತದೆ, ತೆರಪು ಅಷ್ಟು ಸುಲಭವಲ್ಲ. ಎರಡು ಕಡೆ ಕಡಿದು ನಡುವಿನ ತುಣುಕನ್ನು ತೆಗೆದುಹಾಕಬೇಕು, ಇಲ್ಲವೇ ಕಡಿದ ಜಾಗದಿಂದ ಅಕ್ಷರಗಳನ್ನು ಒಂದೊಂದಾಗಿ ಕೊರೆಯಬೇಕು, ಇಲ್ಲವೇ ನಕಲು ಮಾಡುವಾಗಲೇ ತುಂಬದೆ ಬಿಟ್ಟಿರಬೇಕು. ಇವೆಲ್ಲ ಜೀವಕೋಶದ ಕಿಣ್ವಗಳ ಕೆಲಸ, ಪಿಪೆಟ್ಟಿನ ಕೆಲಸವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಆಕ್ಷೇಪವಿದೆ. ಐ3ಯ ಅಣುಗಳು ಬೇರೆ ಬೇರೆ ಜಾಗದಿಂದ ಶುರುವಾಗುವುದರಿಂದ, ಪಾಠದ ಲೆಕ್ಕದಲ್ಲಿ ಗೊತ್ತಾದ ಜಾಗದಲ್ಲೇ ಇರುವ ತೆರಪು ಕೂಡ ತುದಿಯಿಂದ ಅಳೆದರೆ ಅಲ್ಲಿ ಇಲ್ಲಿ ಬಿದ್ದಂತೆ ಕಾಣಬಹುದಲ್ಲವೇ? ಜಾಣ ಪ್ರಶ್ನೆ. ಆದರೆ ತೆರಪುಗಳು ನಿಗದಿತ ಜಾಗದಲ್ಲಿದ್ದರೆ, ಒಂದು ತೆರಪಿನಿಂದ ಮುಂದಿನ ತೆರಪಿನವರೆಗಿನ ತುಂಡಿನ ಉದ್ದ ಎಲ್ಲ ಅಣುಗಳಲ್ಲೂ ಒಂದೇ ಇರಬೇಕು. ಅಣುವಿನ ಎರಡು ತುದಿಗಳಲ್ಲಿ ಸಿಗುವ ತುಂಡುಗಳಷ್ಟೇ ಉದ್ದದಲ್ಲಿ ಏರುಪೇರಾಗುತ್ತವೆ. ಆಗ ಕ್ಷಾರೀಯ ಜೆಲ್ ಮಸುಕು ಹಿನ್ನೆಲೆಯ ಮೇಲೆ ಎದ್ದುಕಾಣುವ ಪಟ್ಟೆಗಳನ್ನು ತೋರಿಸುತ್ತದೆಯೇ ಹೊರತು ಬರಿಯ ಗೀರನ್ನಲ್ಲ.

ಒಂದೂವರೆ ಲಕ್ಷ ಜೋಡಿಗಳ ನಡುವೆ ಎಲ್ಲೋ ಕೆಲವು ಅಕ್ಷರ ಇಲ್ಲದಿದ್ದರೆ ಏನು ಮಹಾ ಎನ್ನುವವರಿಗೆ ಬೆಂಗಳೂರಿನದ್ದೇ ಇನ್ನೊಂದು ಪ್ರಸಂಗ ನೆನಪಿಸಬೇಕು. 1976ರಿಂದ 1978ರ ನಡುವೆ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಹೋದ್ಯೋಗಿಗಳು ಜೋಡಿ ಸುರುಳಿಗೇ ಪರ್ಯಾಯ ಮಂಡಿಸಿದರು. ಎಳೆಗಳು ಒಂದನ್ನೊಂದು ಸುತ್ತಿಕೊಳ್ಳಬೇಕಿಲ್ಲ, ಸ್ವಲ್ಪ ದೂರ ಬಲಕ್ಕೆ ಸ್ವಲ್ಪ ದೂರ ಎಡಕ್ಕೆ ತಿರುಗುತ್ತ ಪಕ್ಕಪಕ್ಕದಲ್ಲೇ ಸಾಗಬಹುದು ಎಂಬುದು ಅವರ ವಾದ. ನ್ಯೂಜಿಲೆಂಡಿನ ಒಂದು ತಂಡವೂ ಅದೇ ಹೊತ್ತಿಗೆ ಅಂಥದ್ದೇ ಮಾದರಿ ತಂದಿತ್ತು. ಇದರ ಆಕರ್ಷಣೆ ಅರ್ಥವಾಗುವಂಥದ್ದು: ಹತ್ತೂವರೆ ಜೋಡಿಗೊಂದು ಸುತ್ತು ಎಂದರೆ ಐ3ಯಷ್ಟು ಉದ್ದದ ಅಣುವಿನಲ್ಲಿ 14,000 ಸುತ್ತುಗಳು, ನಕಲಾಗುವಾಗ ಅವನ್ನೆಲ್ಲ ಬಿಚ್ಚಬೇಕು. ಉತ್ತರ 1979ರಲ್ಲಿ ಕ್ರಿಕ್, ವ್ಯಾಂಗ್, ಬಾವರ್ ಅವರಿಂದ ಬಂತು. ಎರಡೂ ಎಳೆ ಎಲ್ಲೂ ತುಂಡಾಗದ ಡಿಎನ್‌ಎ ಬಳೆಯಲ್ಲಿ ಎಳೆಗಳು ಪರಸ್ಪರ ಎಷ್ಟು ಸಲ ಸುತ್ತಿಕೊಂಡಿವೆ ಎಂಬ ಸಂಖ್ಯೆ ಬೀಗ ಹಾಕಿದಂತೆ ಸ್ಥಿರ; ಅದನ್ನು ಎಣಿಸಬಹುದು, ಎಣಿಸಿದರೆ ಸುರುಳಿಯೇ ಸರಿ ಎಂದು ಅವರು ವಾದಿಸಿದರು. ಬೆಂಗಳೂರಿನ ಮಾದರಿ ಸೋತಿತು ಎಂದು ಕೈತೊಳೆದುಕೊಳ್ಳುವವರ ಜತೆ ನಾನಿಲ್ಲ. ಎಲ್ಲರೂ ಒಪ್ಪಿಕೊಂಡು ಕೂತಿದ್ದನ್ನು ಮತ್ತೆ ರುಜುವಾತು ಮಾಡಿ ಎಂದು ಅದು ಕೇಳಿತು. ಎಡಕ್ಕೆ ತಿರುಗುವ ಡಿಎನ್‌ಎ ಸಾಧ್ಯ ಎಂಬ ಅಂಶವನ್ನಂತೂ ಅದೇ 1979ರಲ್ಲಿ ಹರಳಿನ ಚಿತ್ರ ಎತ್ತಿಹಿಡಿಯಿತು. ನನ್ನ ವಾದಕ್ಕೆ ಬೇಕಾದ ಅಂಶ ಬೇರೆ. ಆ ಎಣಿಕೆಗೆಲ್ಲ ಆಧಾರ ಬಳೆ ತುಂಡಾಗಿರಬಾರದು ಎಂಬುದು. ಪಿಎಂ2 ಎಂಬ ಕಡಲಿನ ಫೇಜಿನಲ್ಲಿ ಹತ್ತು ಸಾವಿರ ಜೋಡಿಗಳ ಅಂಥ ಬಳೆ ಬಿಗಿಯಾಗಿ ತಿರುಚಿಕೊಂಡು ಕೂತಿರುತ್ತದೆ. ಯಾವುದಾದರೂ ಒಂದು ಎಳೆಯ ಒಂದೇ ಕೊಂಡಿ ಕಡಿಯಿತೋ, ಇಡೀ ಬಳೆಯ ತಿರುಚು ಬಿಟ್ಟುಹೋಗುತ್ತದೆ. ಒಡಕಿನ ಅಳತೆ ನೋಡಿ ಅದರ ಪರಿಣಾಮ ಅಳೆಯಲಾಗದು. ಐ3ಯ ಉದ್ದನೆಯ ಅಣುವಿನಲ್ಲಿ ಒಂದೊಂದು ತೆರಪೂ ಸಡಿಲ ಕೀಲು: ತಿರುಚು ಅದನ್ನು ದಾಟಿ ಮುಂದೆ ಹೋಗದು. ಒಂಟಿ ಎಳೆ ಜೋಡಿ ಎಳೆಗಿಂತ ಎಷ್ಟೋ ಪಟ್ಟು ಬಳುಕುವುದರಿಂದ ಅಲ್ಲಿ ಅಣು ಚೂಪಾಗಿ ಮಡಚಿಕೊಳ್ಳಲೂಬಲ್ಲದು.

ಈಗ ಇಂದಿನವರ ಆಕ್ಷೇಪ. ಜೆಲ್ಲು, ಕ್ಷಾರ ಎಲ್ಲ ಅಜ್ಜನ ಕಾಲದವು. ಈಗಿನ ಯಂತ್ರಗಳು ಇಡೀ ಜೀನೋಮನ್ನು ಒಂದೆರಡು ದಿನದಲ್ಲಿ ಓದುತ್ತವೆ, ಮಾರ್ಪಾಟಾದ ಬೇಸ್‌ಗಳನ್ನೂ ಗುರುತಿಸುತ್ತವೆ, ಓದಿನ ರಾಶಿ ನೋಡಿ ತುದಿ ಯಾವ ಬಗೆಯದು ಎಂದೂ ಹೇಳುತ್ತವೆ. ಇದರಲ್ಲಿ ಅರ್ಧ ನಿಜ, ಒಪ್ಪುತ್ತೇನೆ. ಉಳಿದರ್ಧಕ್ಕೆ ಓದುವ ವಿಧಾನವನ್ನೇ ಹತ್ತಿರದಿಂದ ನೋಡಬೇಕು. ಸಾಮಾನ್ಯ ಯಂತ್ರಕ್ಕೆ ಡಿಎನ್‌ಎ ಕೊಡುವ ಮೊದಲು ಚೂರು ಮಾಡಿ, ತುದಿಗಳನ್ನು ಪಾಲಿಮರೇಸಿನಿಂದ ಸಮಮಾಡಿ, ಲಿಗೇಸಿನಿಂದ ಬೆಸೆಯುತ್ತಾರೆ. ಈ ಎರಡು ಕಿಣ್ವಗಳಿಗೂ ಮೂಲ ಬಹುತೇಕ ಟಿ4 ಫೇಜೇ ಎಂಬುದು ಒಂದು ತಮಾಷೆ: ಒಂದು ಫೇಜಿನ ಗುಟ್ಟನ್ನು ಇನ್ನೊಂದು ಫೇಜಿನ ಸರಕೇ ಅಳಿಸಿಹಾಕಿದಂತಾಯಿತು. ಮುಂದೆ ಪ್ರತಿ ಜಾಗವನ್ನೂ ಹತ್ತಾರು, ನೂರಾರು ಅಣುಗಳಿಂದ ಓದಿ ಬಹುಮತದ ಅಕ್ಷರ ಬರೆದುಕೊಳ್ಳುತ್ತಾರೆ. ತೆರಪುಗಳು ಒಂದೊಂದು ಅಣುವಿನಲ್ಲಿ ಒಂದೊಂದು ಕಡೆ ಇರುವುದರಿಂದ ಒಂದರ ಖಾಲಿಯನ್ನು ಉಳಿದವು ತುಂಬಿಬಿಡುತ್ತವೆ. ಪ್ರಕಟವಾಗುವ ಪಾಠ ತೇಪೆಯೇ ಇಲ್ಲದ ಹೊಸ ಬಟ್ಟೆ. ಉದ್ದನೆಯ ಎಳೆಯನ್ನು ರಂಧ್ರದಲ್ಲಿ ಹಾಯಿಸಿ ಓದುವ ಹೊಸ ಯಂತ್ರಗಳಲ್ಲಿ ತೆರಪು ಬಂದಲ್ಲಿ ಓದು ನಿಲ್ಲಬೇಕು ನಿಜ. ಆದರೆ ಜೋಡಿಸುವ ತಂತ್ರಾಂಶ ಅದನ್ನು ಗಿಡ್ಡ ಓದು ಎಂದು ಬಗೆದು ಪಕ್ಕದ್ದಕ್ಕೆ ಹೊಂದಿಸಿ ಮುಂದೆ ಸಾಗುತ್ತದೆ. ಇದನ್ನು ಶಾಸನ ಓದುವ ಬಗೆಗೆ ಹೋಲಿಸಿ ನೋಡಿ; ನಾವು ಸೇರಿರುವ ಈ ಉಚ್ಚಂಗಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲ, ಇಲ್ಲಿ ಶಾಸನಗಳ ಮಾತು ಹೊಸದಲ್ಲ. ಶಾಸನತಜ್ಞ ಕಲ್ಲು ಒಡೆದ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾನೆ. ಬೇರೆ ಶಾಸನದ ಆಧಾರದಿಂದ ಅಕ್ಷರ ತುಂಬಿದರೆ ಅದು ತಾನು ತುಂಬಿದ್ದು ಎಂದು ಕಂಸ ಹಾಕಿ ತಿಳಿಸುತ್ತಾನೆ. ಜೀನೋಮ್ ಕಡತದಲ್ಲಿ ಓದಲಾಗದ ಅಕ್ಷರಕ್ಕೊಂದು ಗುರುತಿದೆ, ವಸ್ತುವಿನಲ್ಲೇ ಇಲ್ಲದ ಅಕ್ಷರಕ್ಕೆ ಇಲ್ಲ.

ಕೊನೆಗೆ ಉಳಿಯುವುದು ಉಪಯೋಗದ ಪ್ರಶ್ನೆ. ಟಿ5ರಲ್ಲಿ ಕಡಿತಗಳೇ ಇಲ್ಲದ ಮಾರ್ಪಾಟು ತಳಿಗಳೂ ಚೆನ್ನಾಗಿ ಬದುಕುತ್ತವೆ. ಹಾಗಾದರೆ ಈ ಒಡಕುಗಳು ಬೇಡದ ಅಲಂಕಾರವಲ್ಲವೇ ಎಂದು ಕೇಳಬಹುದು. ಬದುಕಲು ಅನಿವಾರ್ಯವಲ್ಲ ಎಂಬುದೂ, ಇಲ್ಲ ಎಂಬುದೂ ಒಂದೇ ಅಲ್ಲ. 2009ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ತಂಡವೊಂದು ಫೈ29ರ ತುಂಬುವ ಯಂತ್ರಕ್ಕೆ ಬೇಕೆಂದೇ ಕೆಡಿಸಿದ ಡಿಎನ್‌ಎ ಕೊಟ್ಟು ನೋಡಿತು. ಯಂತ್ರ ಮುಖ್ಯವಾಗಿ ಒಂದೇ ಎಳೆಯ ಫಾಸ್ಫೇಟ್‌ಗಳನ್ನು ಹಿಡಿದು ನಡೆಯುತ್ತದೆ, ಇನ್ನೊಂದು ಎಳೆಯಲ್ಲಿ ಊನವಿದ್ದರೂ ಬಹಳಷ್ಟು ಸಲ ದಾಟಿಬಿಡುತ್ತದೆ ಎಂದು ಕಂಡಿತು. ತೆರಪಿರುವ ಡಿಎನ್‌ಎಯನ್ನು ತಲೆಗೆ ತುಂಬುವುದು ಅಸಾಧ್ಯ ಎನ್ನುವವರಿಗೆ ಇಷ್ಟು ಸಾಕು. ಜತೆಗೆ, ಯಾವ ಎಳೆಯಲ್ಲಿ ಒಡಕಿದೆ ಎಂಬ ವಿವರಕ್ಕೆ ಅರ್ಥ ಬರುವುದೂ ಇಂಥ ಪ್ರಯೋಗ ಗೊತ್ತಿದ್ದಾಗಲೇ. ಮೈಕೋಬ್ಯಾಕ್ಟೀರಿಯಾದ ಫೇಜ್‌ಗಳನ್ನು ಈಗ ಕಾಲೇಜು ವಿದ್ಯಾರ್ಥಿಗಳೂ ಮಣ್ಣಿನಿಂದ ಹೆಕ್ಕುತ್ತಿದ್ದಾರೆ, ಸಾವಿರಾರು ಜೀನೋಮ್‌ಗಳು ಕೋಶ ಸೇರಿವೆ, ಔಷಧಕ್ಕೆ ಬಗ್ಗದ ಸೋಂಕುಗಳಿಗೆ ಕೆಲವನ್ನು ರೋಗಿಗಳ ಮೇಲೂ ಬಳಸಿದ್ದಾಗಿದೆ. ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಹೊಲದ ಮಣ್ಣಿನಿಂದಲೂ ಫೇಜ್ ತೆಗೆಯುವುದು ಕಷ್ಟವಲ್ಲ. ತೆಗೆದವರು ಡಿಎನ್‌ಎಯನ್ನು ಓದಿಸಲು ಕಳುಹಿಸುವ ಮುನ್ನ ಒಂದಿಷ್ಟನ್ನು ಉಳಿಸಿಕೊಂಡು ಸಾದಾ ಜೆಲ್, ಕ್ಷಾರೀಯ ಜೆಲ್ ಎರಡರಲ್ಲೂ ಹರಿಸಲಿ. ಅದಕ್ಕೆ ತಗಲುವುದು ಅಗರೋಸ್, ಕಾಸ್ಟಿಕ್ ಸೋಡಾ ಮತ್ತು ಒಂದು ರಾತ್ರಿ. ಆ ಎರಡು ಜೆಲ್‌ಗಳ ಚಿತ್ರವೂ ಅಕ್ಷರಸಾಲಿನ ಪಕ್ಕದಲ್ಲೇ ಅಚ್ಚಾಗಲಿ ಎಂಬುದು ನನ್ನ ಒತ್ತಾಯ.